ಸಾವನದುರ್ಗದಲ್ಲಿ ನುಡಿದ ಬ್ಯಾಂಡು

ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಸೆಲ್ಟಿಕ್ ಜನಪದ ತಂಡದ ಕಛೇರಿಯನ್ನು ಮೊದಲ ಸಲ ನೋಡಿದಾಗ ನಮಗೆ ಅದು ಪರಕೀಯವೆನಿಸಲಿಲ್ಲ. ಒಬ್ಬನ ಬಳಿ ಪಿಟೀಲು, ಇನ್ನೊಬ್ಬನ ಬಳಿ ಕೊಳಲು. ಮತ್ತೊಬ್ಬನ ಕೈಯಲ್ಲಿ ಬೌರಾನ್. ಮರದ ಬಳೆಗೆ ಆಡಿನ ಚರ್ಮ ಬಿಗಿದ ಈ ವಾದ್ಯ ನಮ್ಮ ದಫ್‌ಗೆ ಹತ್ತಿರದ ನೆಂಟ. ಬೆರಳಿನ ಬದಲು ಗಿಡ್ಡ ಕೋಲಿನಿಂದ ಬಾರಿಸುತ್ತಾರೆ, ಅಷ್ಟೆ. ಚರ್ಮದ ಚೀಲದ ಪೈಪು ಒಂದೇ ಶ್ರುತಿಯನ್ನು ಹಿಡಿದು ನಿಲ್ಲುತ್ತದೆ. ಅಂಥ ವಾದ್ಯಕ್ಕೆ ನಮ್ಮಲ್ಲಿ ತಿತ್ತಿ ಎಂಬ ಹೆಸರಿದೆ. 1962ರಲ್ಲಿ ಡಬ್ಲಿನ್‌ನಲ್ಲಿ ಪ್ಯಾಡಿ ಮೊಲೋನಿ ಕಟ್ಟಿದ 'ಚೀಫ್‌ಟನ್ಸ್' ತಂಡ ಈ ಸಂಗೀತವನ್ನು ಜಗತ್ತಿನ ದೊಡ್ಡ ವೇದಿಕೆಗಳಿಗೆ ಒಯ್ದಿತು. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದು ನಮ್ಮ ತಮಟೆ, ಪೂಜಾ ಕುಣಿತಗಳಿಗೆ ಮಾಡಿದ್ದೂ ಹೆಚ್ಚುಕಡಿಮೆ ಇಂಥದೇ ಕೆಲಸ.

ಆದರೆ ಆ ದ್ವೀಪಗಳ ಬ್ಯಾಂಡೊಂದು ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ನಮ್ಮ ಮಾಗಡಿ ಸೀಮೆಗೆ ಬಂದು ನುಡಿಸಿ ಹೋಗಿದೆ. ಅಲ್ಲಿ ವೇದಿಕೆ ಇರಲಿಲ್ಲ, ಫಿರಂಗಿಗಳಿದ್ದವು. ದಿನಾಂಕವೂ ದಾಖಲಾಗಿದೆ: 1791ರ ಡಿಸೆಂಬರ್ 21.

ಅದು ಮೂರನೇ ಮೈಸೂರು ಯುದ್ಧದ ಕಾಲ. ಬೆಂಗಳೂರನ್ನು ಹಿಡಿದಿದ್ದ ಕಾರ್ನ್‌ವಾಲಿಸ್‌ನಿಗೆ ಶ್ರೀರಂಗಪಟ್ಟಣದ ದಾರಿ ಸುಗಮವಾಗಬೇಕಾದರೆ ಸಾವನದುರ್ಗ ಬೀಳಬೇಕಿತ್ತು. ಮಾಗಡಿ ಕೆಂಪೇಗೌಡರ ಕೈಯಿಂದ 1728ರಲ್ಲಿ ಮೈಸೂರಿಗೆ ಸೇರಿದ್ದ ಈ ಕೋಟೆ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಏಕಶಿಲಾ ಬೆಟ್ಟ. ಸುತ್ತಲೂ ಬಿದಿರಿನ ದಟ್ಟ ಕಾಡು. ಇದನ್ನು ಹತ್ತಿ ಗೆಲ್ಲಲಾಗದು ಎಂದೇ ಟಿಪ್ಪುವಿನ ಕಡೆಯವರು ನಂಬಿದ್ದರು. ಡಿಸೆಂಬರ್ 17ರಂದು ಫಿರಂಗಿಗಳು ಗೋಡೆಯನ್ನು ಒಡೆಯತೊಡಗಿದವು. 21ರ ಬೆಳಿಗ್ಗೆ 11 ಗಂಟೆಗೆ ಎರಡು ಗುಂಡುಗಳ ಸನ್ನೆಯಾಯಿತು. ಸೈನ್ಯ ನಾಲ್ಕು ಭಾಗವಾಗಿ ಬಂಡೆಯನ್ನೇರತೊಡಗಿತು. ಕೆಳಗೆ 52ನೇ ರೆಜಿಮೆಂಟಿನ ಬ್ಯಾಂಡು 'ಬ್ರಿಟನ್ಸ್, ಸ್ಟ್ರೈಕ್ ಹೋಮ್' ಎಂಬ ಹಾಡನ್ನು ನುಡಿಸುತ್ತಿತ್ತು.

ಈ ಹಾಡಿನ ಮೂಲ ಹುಡುಕಿದಾಗ ನಾವು ಬೆರಗಾದೆವು. ಇದಕ್ಕೆ ರಾಗ ಕೂಡಿಸಿದವನು ಹೆನ್ರಿ ಪರ್ಸೆಲ್, 1695ರಲ್ಲಿ, 'ಬಾಂಡುಕ' ಎಂಬ ನಾಟಕಕ್ಕಾಗಿ. ಬಾಂಡುಕ ಎಂದರೆ ಬೂಡಿಕಾ, ಸೆಲ್ಟಿಕ್ ಬ್ರಿಟನ್ನರ ರಾಣಿ. ಗಂಡ ತೀರಿಕೊಂಡಾಗ ರೋಮನ್ನರು ಅವಳ ರಾಜ್ಯವನ್ನು ನುಂಗಿದರು. ಅವಳನ್ನು ಚಾಟಿಯಿಂದ ಹೊಡೆಸಿದರು, ಹೆಣ್ಣುಮಕ್ಕಳ ಮಾನ ಕಳೆದರು. ಕ್ರಿ.ಶ. 60ರ ಸುಮಾರಿಗೆ ಅವಳು ರೋಮ್ ಸಾಮ್ರಾಜ್ಯದ ಮೇಲೆ ದಂಗೆಯೆದ್ದಳು. ವಾರಸುದಾರಿಕೆ ಒಪ್ಪದ ಕಂಪನಿಯ ಮೇಲೆ 1824ರಲ್ಲಿ ಕತ್ತಿ ಹಿರಿದ ಕಿತ್ತೂರಿನ ಚೆನ್ನಮ್ಮನನ್ನು ಬಲ್ಲ ಕನ್ನಡಿಗರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದ ಸಾಮ್ರಾಜ್ಯದ ವಿರುದ್ಧ ನೆಲದ ಮಕ್ಕಳನ್ನು ಎಬ್ಬಿಸುವ ಹಾಡು ಅದು. ಸಾವನದುರ್ಗದಲ್ಲಿ ಅದನ್ನು ನುಡಿಸಿದ್ದು ಹೊರಗಿನಿಂದ ಬಂದ ಸಾಮ್ರಾಜ್ಯವೇ!

ಬಂಡೆ ಹತ್ತಿದವರ ಕಥೆ ಇನ್ನೂ ವಿಚಿತ್ರ. ಅವರಲ್ಲಿ 71 ಮತ್ತು 72ನೇ ರೆಜಿಮೆಂಟುಗಳ ಸ್ಕಾಟಿಷ್ ಹೈಲ್ಯಾಂಡರುಗಳಿದ್ದರು. 1746ರಲ್ಲಿ ಕಲೋಡನ್ ಬಯಲಿನಲ್ಲಿ ಸೋತ ಮೇಲೆ ಅವರ ಗುಡ್ಡಗಾಡಿನ ಉಡುಪನ್ನೇ ಕಾನೂನು ಮಾಡಿ ನಿಷೇಧಿಸಲಾಗಿತ್ತು. ಅದು ರದ್ದಾದದ್ದು 1782ರಲ್ಲಿ. ಜೇಮ್ಸ್ ರೀಡ್ ಎಂಬ ಪೈಪು ವಾದಕನನ್ನು, ಅವನ ಪೈಪು ಯುದ್ಧದ ಆಯುಧವೇ ಎಂದು ತೀರ್ಮಾನಿಸಿ, ಅದೇ 1746ರಲ್ಲಿ ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ಆ ಉಡುಪು ತೊಡಲು ಅವರಿಗೆ ಉಳಿದಿದ್ದ ಜಾಗ ಒಂದೇ, ರಾಜನ ಸೈನ್ಯ. 71ನೇ ರೆಜಿಮೆಂಟನ್ನು ಕಟ್ಟಿದ ಲಾರ್ಡ್ ಮೆಕ್ಲಿಯಾಡ್ ಸ್ವತಃ ಹಿಂದೊಮ್ಮೆ ಆ ದಂಗೆಯಲ್ಲಿದ್ದವನು. ಅದೇ ದಳದ ಸೈನಿಕರು 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರನಿಗೆ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಕೊಳೆತಿದ್ದರು. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಅದು ಯಾರ ಮೇಲೆ ತೀರಬೇಕಿತ್ತು ಎಂಬುದು ಬೇರೆ ಮಾತು.

ಒಂದೇ ಹೊತ್ತಿನಲ್ಲಿ ಎಲ್ಲ ಮುಗಿಯಿತು. ಓಡಿ ಹಿಂದಿನ ಶಿಖರ ಸೇರಲು ಹೊರಟ ಕಾವಲಿನವರನ್ನು ಬೆನ್ನಟ್ಟಿದರು. ಕಿಲ್ಲೇದಾರನೂ ನೂರಕ್ಕೂ ಹೆಚ್ಚು ಜನರೂ ಅಲ್ಲೇ ಸತ್ತರು. ಹಲವರು ಪ್ರಪಾತಕ್ಕೆ ಬಿದ್ದರು. ಏರಿದವರ ಪೈಕಿ ಗಾಯಗೊಂಡವನು ಒಬ್ಬನೇ ಸಿಪಾಯಿ.

ಇತ್ತ ಟಿಪ್ಪುವಿನ ಸೀಮೆಗೆ ಹಾಡುಗಳೇನೂ ಕಡಿಮೆ ಇರಲಿಲ್ಲ. ಅವನ ಆಜ್ಞೆಯಂತೆ ಹಸನ್ ಅಲಿ ಇಜ್ಜತ್ 'ಮುಫರ್ರಿಹುಲ್ ಕುಲೂಬ್' ಎಂಬ ಗೀತಸಂಗ್ರಹ ಮಾಡಿದ್ದ. ಮನಸ್ಸುಗಳಿಗೆ ಮುದ ನೀಡುವಂಥದ್ದು ಎಂದು ಆ ಹೆಸರಿನ ಅರ್ಥ. ಅದರಲ್ಲಿ ಪಾರಸಿಯೂ ಇದೆ, ನಮ್ಮ ಮನೆಮಾತಾದ ದಖ್ಖನಿಯೂ ಇದೆ. 1799ರ ನಂತರ ಸುಲ್ತಾನನ ಗ್ರಂಥಭಂಡಾರದ ಪುಸ್ತಕಗಳು ಕಲ್ಕತ್ತೆಗೂ ಲಂಡನ್ನಿಗೂ ಹೋದವು. ಉರ್ದು ಶಾಲೆಯಲ್ಲಿ ನಾವು ದೆಹಲಿ, ಲಖನೌಗಳ ಶಾಯಿರರನ್ನು ಬಾಯಿಪಾಠ ಮಾಡಿದೆವು, ಕನ್ನಡ ಶಾಲೆಯಲ್ಲಿ ಮೂರನೇ ಮೈಸೂರು ಯುದ್ಧದ ಇಸವಿಗಳನ್ನು. ಈ ಪುಸ್ತಕದ ಹೆಸರನ್ನು ಎರಡೂ ಕಡೆ ಯಾರೂ ಹೇಳಿಕೊಡಲಿಲ್ಲ.

ಸಾವನದುರ್ಗದ ಕರಿಗುಡ್ಡ ಹತ್ತಲು ಈಗ ಭಾನುವಾರ ಬೆಂಗಳೂರಿನ ಹುಡುಗರು ಬರುತ್ತಾರೆ. ಬುಡದಲ್ಲಿ ವೀರಭದ್ರನ ಗುಡಿ, ನರಸಿಂಹನ ಗುಡಿ, ಒಂದು ದರ್ಗಾ. ಕೆಲವರು ಮೊಬೈಲಿನಲ್ಲಿ ಹಾಡು ಹಾಕಿಕೊಂಡೇ ಬಂಡೆ ಏರುತ್ತಾರೆ. ಆ ಡಿಸೆಂಬರಿನ ಬೆಳಿಗ್ಗೆ ಕೆಳಗೆ ಬ್ಯಾಂಡು ಯಾವ ಹಾಡು ನುಡಿಸಿತೆಂದು ಇಂಗ್ಲಿಷರು ಬರೆದಿಟ್ಟರು. ಮೇಲಿದ್ದವರ ನಗಾರಿಯ ಸುದ್ದಿಯನ್ನು ಅವರು ಬರೆಯಲಿಲ್ಲ.