ಗೆಂಡೆ ಮೀನುಗಳ ಪ್ರೇರಿತ ಸಂತಾನೋತ್ಪತ್ತಿ

ಮಲಪ್ರಭಾ ಕಾಲುವೆಯ ನೀರು ತಲುಪುವ ನರಗುಂದದಲ್ಲಾಗಲಿ, ಮಳೆಯನ್ನೇ ನೆಚ್ಚಿಕೊಂಡ ರೋಣ, ಗಜೇಂದ್ರಗಡದ ಹಳ್ಳಿಗಳಲ್ಲಾಗಲಿ, ಕೆರೆ ಅಥವಾ ಕೃಷಿಹೊಂಡದಲ್ಲಿ ಮೀನು ಸಾಕಲು ಮೊದಲು ಬೇಕಾದುದು ಮರಿ. ಆದರೆ ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳು ನಿಂತ ನೀರಿನಲ್ಲಿ ಬೆಳೆಯುತ್ತವೆಯೇ ಹೊರತು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಮೂಲತಃ ನದಿವಾಸಿಗಳಾದ ಇವುಗಳಿಗೆ ಮುಂಗಾರಿನ ಪ್ರವಾಹವೇ ಸೂಚನೆ. ಆ ಸೂಚನೆಯನ್ನು ಹಾರ್ಮೋನಿನ ಮೂಲಕ ನೀಡುವ ವಿಧಾನವೇ ಪ್ರೇರಿತ ಸಂತಾನೋತ್ಪತ್ತಿ.

ಹಿನ್ನೆಲೆ

ಹಿಂದೆ ಮರಿಗಳನ್ನು ನದಿಗಳಿಂದಲೇ ಸಂಗ್ರಹಿಸಲಾಗುತ್ತಿತ್ತು. ಬೇಡದ ಜಾತಿಗಳೂ ಅದರಲ್ಲಿ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತದೆ.

ವಿಧಾನ

ಗ್ರಂಥಿಯ ಸಾರವನ್ನು ಹೆಣ್ಣಿಗೆ ಸುಮಾರು 6 ಗಂಟೆಗಳ ಅಂತರದಲ್ಲಿ ಎರಡು ಬಾರಿ, ಗಂಡಿಗೆ ಎರಡನೆಯ ಸರದಿಯಲ್ಲಿ ಒಮ್ಮೆ ಕೊಡುತ್ತಾರೆ. ಅನಂತರ ಬಂದ ಓವಾಪ್ರಿಮ್‌ನಂತಹ ಸಂಶ್ಲೇಷಿತ ಔಷಧಿಗಳಲ್ಲಿ ಒಂದೇ ಚುಚ್ಚುಮದ್ದು ಸಾಕಾಗುತ್ತದೆ. ಫಲಿತ ಮೊಟ್ಟೆಗಳು ಹರಿವ ನೀರಿನ ವೃತ್ತಾಕಾರದ ತೊಟ್ಟಿಯಲ್ಲಿ ಒಂದು ದಿನದೊಳಗೆ ಒಡೆಯುತ್ತವೆ.

ಪ್ರೌಢತೆಯೇ ಮುಖ್ಯ

ಚುಚ್ಚುಮದ್ದು ಮೀನನ್ನು ಪ್ರೌಢಗೊಳಿಸುವುದಿಲ್ಲ. ಮಾಗಿದ ಮೊಟ್ಟೆಯನ್ನು ಹೊರಬರಿಸುತ್ತದೆ, ಅಷ್ಟೆ. ಆದ್ದರಿಂದ ತಾಯಿಮೀನುಗಳನ್ನು ತಿಂಗಳುಗಳ ಮೊದಲೇ ಬೇರ್ಪಡಿಸಿ, ಅಕ್ಕಿತೌಡು, ಶೇಂಗಾಹಿಂಡಿ ತಿನ್ನಿಸಿ ಸಾಕಬೇಕು. ಹೆಣ್ಣಿನ ಹೊಟ್ಟೆ ಮೃದುವಾಗಿ ಉಬ್ಬಿರುವುದು, ಗಂಡಿನ ಎದೆಯ ರೆಕ್ಕೆ ಒರಟಾಗಿ, ಹೊಟ್ಟೆಯನ್ನು ಮೆಲ್ಲಗೆ ಒತ್ತಿದಾಗ ಹಾಲಿನಂತಹ ವೀರ್ಯ ಒಸರುವುದು ಪ್ರೌಢತೆಯ ಗುರುತುಗಳು. ನೀರಿನ ವಿಷವನ್ನು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಸಾಕುವ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಗೂ ಇದೇ ನಿಯಮ ಅನ್ವಯಿಸುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚಿದರೆ ಅದು ಮೊಟ್ಟೆ ಬಿಡುತ್ತದೆ. ಆದರೆ ಆಹಾರ, ತಾಪಮಾನ, ಬೆಳಕಿನ ಅವಧಿಗಳನ್ನು ಹೊಂದಿಸಿ ಮೊದಲೇ ಮಾಗಿಸಿದ್ದರೆ ಮಾತ್ರ.

ಎಚ್ಚರಿಕೆ

ಕೆಲವೇ ತಾಯಿಮೀನುಗಳನ್ನು ವರ್ಷವರ್ಷವೂ ಬಳಸಿದರೆ ರಕ್ತಸಂಬಂಧದ ಸಂತಾನ ಹೆಚ್ಚಿ, ಮರಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಮೊಳಕೆ ಬಾರದ ಬೀಜವನ್ನು ರೈತನು ವಾರದಲ್ಲಿ ಗುರುತಿಸಬಲ್ಲ. ದುರ್ಬಲ ಮೀನುಮರಿಯ ದೋಷ ತಿಳಿಯುವುದು ಕೊಯ್ಲಿನ ಕಾಲಕ್ಕೆ. ಆದಕಾರಣ ಮರಿ ಕೊಳ್ಳುವಾಗ ಬೆಲೆಯೊಂದಿಗೆ ಅದರ ಮೂಲವನ್ನೂ ವಿಚಾರಿಸುವುದು ಲೇಸು.