ಉಳದ ಉಲನ್ನು, ಶೆಟ್ಲಂಡಿನ ತೆರಿ

ಟ್ರಂಕಿನಾಗ ನಾಕು ಬಣ್ಣದ ಉಲನ್ ಉಂಡಿ ಉಳದಿದ್ವು. ಮಗಳಿಗೆ ಕೊರಳಪಟ್ಟಿ ಹೆಣೀಲಿಕ್ಕೆ ಹಿಡದೇನಿ. ಮಫ್ಲರಿನ ಎರಡೂ ತುದಿ ಕೂಡಿಸಿದಂಗ ಇರ್ತದಲ್ಲಾ, ಅದು. ಹಾಕಿದ್ದು ‘ಓಲ್ಡ್ ಶೇಲ್’ ನಮೂನಿ, ಥೇಟ್ ಸಮುದ್ರದ ತೆರಿ. 18 ಕುಣಿಕಿಗೆ ಒಂದು ತೆರಿ: ಎರಡೆರಡು ಕೂಡಿಸಿ 3 ಸಲ, ದಾರ ಸುತ್ತಿ ಒಂದೊಂದು 6 ಸಲ, ಮತ್ತ ಎರಡೆರಡು 3 ಸಲ. ನಾಕು ಸಾಲಿಗೊಮ್ಮೆ ಹಿಂಗ. ಬಣ್ಣ ಬದಲಿಸಿದ್ರ ತೆರಿ ಎದ್ದು ಕಾಣ್ತದ.

ಇದು ಸ್ಕಾಟ್ಲಂಡಿನ ಉತ್ತರಕ್ಕಿರೋ ಶೆಟ್ಲಂಡ್ ದ್ವೀಪದ ಹೆಂಗಸರದು. ಗಂಡಸ್ರು ಮೀನಿಗೆ ಹೋದ್ರ ಹೊಲ, ದನ, ಒಲಿ ಎಲ್ಲಾ ಇವರ ಮ್ಯಾಲೆ. ಜೌಗುಮಣ್ಣು ಕೊಯ್ದು ಒಣಗಿಸಿದ ಹೆಂಟಿನ ಅಲ್ಲಿ ಕಟ್ಟಿಗಿ. ಅದನ್ನ ಬೆನ್ನಿನ ಬುಟ್ಟಿಯೊಳಗ ಹೊತ್ತು ನಡೀತಾನೂ ಹೆಣೀತಿದ್ರು.

ಹೆಣದ ಶಾಲು ಅಂಗಡಿಗೆ ಒಯ್ದ್ರ ಮಾತ್ರ ರೊಕ್ಕ ಕೈಗೆ ಬರೋದು ಅಪರೂಪ. ಚಹಾಪುಡಿನೋ ಅರಿವಿನೋ ತೊಗೊಂಡು ಹೋಗ್ಬೇಕು. ಹಿಟ್ಟು ಬೇಕಂದ್ರ ಆ ಚಹಾನ ಮಂದಿಗೆ ಕೊಟ್ಟು ಬದಲಿ ತೊಗೋಬೇಕು! 1872ರಾಗ ಸರಕಾರದ ಆಯೋಗ ಅಲ್ಲಿಗೇ ಬಂದು ವಿಚಾರಣೆ ಮಾಡ್ತು. ಅಂಗಡಿಯವ್ರ ಊರಾಗೇ ನಿಂತು ಹೆಣಿಯೋ ಹೆಂಗಸ್ರು ಸಾಕ್ಷಿ ಹೇಳಿದ್ರು. ಅದೆಲ್ಲಾ ಅಚ್ಚಾಗಿ ಇವತ್ತಿಗೂ ಅದ.

ಹೋದ ವರ್ಷ ಒಬ್ಬರಿಗೆ ಸ್ವೆಟರ್ ಹೆಣದು ಕೊಟ್ಟೆ. ‘ಉಲನ್ನಿಗೆ ಎಷ್ಟಾತ್ರೀ?’ ಅಂತ ಅಷ್ಟ ಕೇಳಿದ್ರು. ನಾನೂ ಅಷ್ಟ ಹೇಳಿದೆ.