ವೀಲ್ ಸ್ಪೇಸರ್

ವಾಹನದ ಹಬ್ಬಿಗೂ ಚಕ್ರಕ್ಕೂ ನಡುವೆ ಕೂರಿಸಿ ಚಕ್ರವನ್ನು ಹೊರಕ್ಕೆ ಸರಿಸುವ ಲೋಹದ ಬಿಲ್ಲೆ. ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಮೆರಿಕದಲ್ಲಿ ಪಿಕಪ್ ಟ್ರಕ್ಕುಗಳ ನಿಲುವು ಅಗಲಿಸಲು ಬಳಕೆಯಲ್ಲಿದೆ. ತೆಳು ಬಿಲ್ಲೆ ಹಬ್ಬಿನ ಮೂಲ ತಿರುಪುಕಡ್ಡಿಗಳ, ಅಂದರೆ ಸ್ಟಡ್‌ಗಳ ಮೇಲೆಯೇ ಕೂರುತ್ತದೆ. ದಪ್ಪ ಬಿಲ್ಲೆಯನ್ನು ಹಬ್ಬಿಗೆ ಬಿಗಿದು, ಅದರದೇ ಸ್ಟಡ್‌ಗಳಿಗೆ ಚಕ್ರ ಜೋಡಿಸುತ್ತಾರೆ. ಎರಡೂ ಬದಿಗೆ 30 ಮಿ.ಮೀ. ದಪ್ಪದ್ದು ಹಾಕಿದರೆ ಚಕ್ರಗಳ ನಡುವಿನ ಅಂತರ 60 ಮಿ.ಮೀ. ಹೆಚ್ಚುತ್ತದೆ. ಸ್ಟಡ್‌ಗಳ ಸಂಖ್ಯೆ, ಅವುಗಳ ವೃತ್ತದ ವ್ಯಾಸ (ಫೋರ್ಡ್ ಎಫ್-150ರಲ್ಲಿ 2004ರಿಂದ 6 ಸ್ಟಡ್, 135 ಮಿ.ಮೀ.) ತಾಳೆಯಾಗಬೇಕು; ನಡುರಂಧ್ರ ಹಬ್ಬಿಗೆ ಸರಿಯಾಗಿ ಕೂರದಿದ್ದರೆ ಚಕ್ರ ಅದುರಬಹುದು. ಚಕ್ರ ಹೊರಸರಿದಷ್ಟೂ ಬೇರಿಂಗಿನ ಮೇಲೆ ಹೊರೆ ಏರುತ್ತದೆ. ಕಡಿಮೆ ಆಫ್‌ಸೆಟ್‌ನ (ಚಕ್ರದ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖಕ್ಕಿರುವ ದೂರ) ಬದಲಿ ಚಕ್ರದಿಂದಲೂ ಅದೇ ಅಗಲ, ಅದೇ ಹೊರೆ; ಬೆಲೆ ಸಾಮಾನ್ಯವಾಗಿ ಹೆಚ್ಚಾದರೂ ಸಡಿಲಗೊಳ್ಳಬಹುದಾದ ಒಂದು ಜೋಡಣೆ ತಪ್ಪುವುದರಿಂದ ಭಾರ ಹೊರುವ ಟ್ರಕ್ಕಿಗೆ ಇದೇ ಮೇಲು. ಭಾರತದಲ್ಲಿ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ.